ಬಣ್ಣ ಹಚ್ಚದೆ ಬಿಟ್ಟ ಕಿವಿ

ನಮ್ಮ ಮೇಡಂ ಅವರ ಕೆಳತುಟಿಯ ನಟ್ಟನಡುವೆ ಯಾವಾಗಲೂ ಚಾಕ್‌ಪೀಸಿನ ಒಂದು ಬಿಳಿ ಚುಕ್ಕೆ ಇರುತ್ತಿತ್ತು. ಬೋರ್ಡಿನ ಮೇಲೆ ಗೆರೆ ಎಳೆಯುವ ಮುಂಚೆ ಚಾಕ್‌ಪೀಸಿನ ತುದಿಯನ್ನು ತುಟಿಗೆ ಮುಟ್ಟಿಸಿಕೊಳ್ಳುವುದು ಅವರ ಅಭ್ಯಾಸ. ಪೆನ್ನು ಹಿಡಿದರೂ ಅಷ್ಟೆ, ಬಸ್ಸಿನ ಟಿಕೆಟನ್ನು ಸುರುಳಿ ಸುತ್ತಿ ಹಿಡಿದಿದ್ದರೂ ಅಷ್ಟೆ. ಎತ್ತರದ ಆಳು, ಕಡುಗಪ್ಪು ಮೈಬಣ್ಣ. ಆ ಮುಖದಲ್ಲಿ ಆ ಬಿಳಿ ಚುಕ್ಕೆ ಕೊನೆಯ ಬೆಂಚಿಗೂ ಕಾಣುತ್ತಿತ್ತು. ಮೊದಲ ವಾರ ನಾವು ಮುಸಿಮುಸಿ ನಕ್ಕೆವು. ಎರಡನೇ ವಾರದಿಂದ ನಗುವುದಕ್ಕೆ ಪುರುಸೊತ್ತು ಸಿಗಲಿಲ್ಲ.

ನಾನು ಬಸವಕಲ್ಯಾಣದವಳು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹುಮ್ನಾಬಾದಿನ ಕಾಲೇಜಿಗೆ ಹೋಗುತ್ತಿದ್ದೆ. ಪತ್ರಿಕೋದ್ಯಮ ತೆಗೆದುಕೊಂಡಿದ್ದ ನಮಗೆ ಎರಡನೇ ವರ್ಷ ಫೋಟೋಗ್ರಫಿಯ ಇತಿಹಾಸ ಎಂಬ ಒಂದು ವಿಷಯವಿತ್ತು. ಕ್ಯಾಮೆರಾ, ಫಿಲ್ಮು, ಕಾಗದ ಹೇಗೆ ಹೇಗೆ ಬದಲಾದವು, ಅದರ ಜೊತೆಗೆ ಯಾವುದನ್ನು ಚೆಂದ ಎನ್ನಬೇಕು ಎಂಬ ಜನರ ಲೆಕ್ಕ ಹೇಗೆ ಬದಲಾಯಿತು, ಇದು ಓದಬೇಕಾದದ್ದು. ಕಿರಾಣಿ ಅಂಗಡಿಯ ನಮ್ಮಪ್ಪ ಪುಸ್ತಕದ ಹೆಸರು ನೋಡಿ, "ಫೋಟೋ ತೆಗಿಯೂದು ಕಲೀತೀನಿ ಅಂದ್ರ ತಿಳೀತದ. ಫೋಟೋದ ಇತಿಹಾಸ ಓದಿ ಏನ್ ಮಾಡ್ತಿ?" ಎಂದಿದ್ದರು.

ಮೊದಲ ಪಾಠದ ದಿನ ಮೇಡಂ ಕ್ಲಾಸಿನ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿ, ಒಂದರಲ್ಲಿ ಕಡಲೆ ಗಾತ್ರದ ತೂತು ಮಾಡಿದರು. ಬಾಗಿಲು ಹಾಕಿದ್ದೇ ತಡ, ಎದುರು ಗೋಡೆಯ ಮೇಲೆ ಹುಮ್ನಾಬಾದಿನ ರಸ್ತೆ ತಲೆಕೆಳಗಾಗಿ ಮೂಡಿತು! ಲಾರಿ ಮೇಲಿನಿಂದ ಜೋತುಕೊಂಡು ಓಡಿತು. ಬೇವಿನ ಮರ ಕೆಳಮುಖವಾಗಿ ಅಲ್ಲಾಡಿತು. ಅಷ್ಟರಲ್ಲಿ ನಮ್ಮ ಪ್ರಿನ್ಸಿಪಾಲರು ಸೂರಿಗೆ ಕಾಲು ಕೊಟ್ಟು ಗಂಭೀರವಾಗಿ ನಡೆದುಹೋದರು. ನಾವು ಬಿದ್ದು ಬಿದ್ದು ನಕ್ಕೆವು. ಮೇಡಂ ನಗಲಿಲ್ಲ.

"ನೋಡ್ರಿ, ಕ್ಯಾಮೆರಾ ಹುಟ್ಟೂದಕ್ಕಿಂತ ಮೊದಲ ಚಿತ್ರ ಇತ್ತು. ಹಿಡಿದು ಇಟ್ಗೊಳ್ಳೂದು ಮಂದಿಗೆ ಗೊತ್ತಿದ್ದಿಲ್ಲ, ಅಷ್ಟ" ಎಂದರು.

ಕಲಿಸುವುದೆಂದರೆ ಹಾಗೆ ಕಲಿಸುತ್ತಿದ್ದರು. ಹಳೆಯ ಕಾಲದ ಫೋಟೋಗಳಲ್ಲಿ ಯಾರೂ ಯಾಕೆ ನಗುವುದಿಲ್ಲ ಎಂದು ಕೇಳಿದ್ದಕ್ಕೆ ನನ್ನನ್ನೇ ಕುರ್ಚಿಯಲ್ಲಿ ಕೂರಿಸಿ, "ಒಂದು ನಿಮಿಷ ನಗಕೋತ ಕೂಡು, ಹಲ್ಲು ಅಲ್ಲಾಡಬಾರದು" ಎಂದು ಗಡಿಯಾರ ಹಿಡಿದು ನಿಂತರು. ಅರ್ಧ ನಿಮಿಷಕ್ಕೇ ನನ್ನ ಗಲ್ಲ ನಡುಗಿತು. ಆಗಿನ ಕ್ಯಾಮೆರಾಕ್ಕೆ ಅಷ್ಟು ಹೊತ್ತು ಬೇಕಿತ್ತು ಎಂಬುದನ್ನು ಆಮೇಲೆ ಯಾವ ಪುಸ್ತಕವೂ ನನಗೆ ಹೇಳಬೇಕಾಗಲಿಲ್ಲ. ನನ್ನನ್ನು ಅವರು ಹೆಸರಿನಿಂದ ಕರೆದದ್ದೇ ಇಲ್ಲ. "ಏ ಕಲ್ಯಾಣದಾಕಿ" ಎನ್ನುತ್ತಿದ್ದರು.

ಅವರ ಕ್ಲಾಸಿನಲ್ಲಿ ಒಂದು ಮಾತು ನಿಷಿದ್ಧವಾಗಿತ್ತು: "ಚಂದ ಅದ". ಯಾವುದೇ ಫೋಟೋ ತೋರಿಸಿದಾಗ ಯಾರಾದರೂ ಹಾಗೆಂದರೆ ಮುಗಿಯಿತು ಅವನ ಕತೆ. "ಯಾರ ಕಣ್ಣಿಗೆ ಚಂದ? ಯಾಕ ಚಂದ? ಚಂದ ಮಾಡಿದವರು ಯಾರು?" ಎಂದು ಬೆನ್ನು ಹತ್ತುತ್ತಿದ್ದರು. ಇನ್ನೊಂದು ಮಾತು ದಿನಕ್ಕೊಮ್ಮೆಯಾದರೂ ಬರುತ್ತಿತ್ತು. "ಫೋಟೋ ನೋಡೂ ಮುಂದ ಮಾರಿ ನೋಡಬ್ಯಾಡ್ರಿ. ಮೊದಲ ಬೆಳಕು ಎತ್ತಲಿಂದ ಬಂದದ ನೋಡ್ರಿ."

ಈ ಮಾತೇ ಮುಂದೆ ನಮ್ಮ ಮನೆಯ ಗೋಡೆಯ ಮೇಲಿದ್ದ ಒಂದು ಫೋಟೋದ ಹಣೆಬರಹ ಬದಲಿಸಿತು.

ಅದು ನಮ್ಮ ಅಜ್ಜಿಯ ಫೋಟೋ, ಅಪ್ಪನ ತಾಯಿ. ಬೇಮಳಖೇಡದ ತವರಿಗೆ ಹೋಗುವಾಗ ದಾರಿಯಲ್ಲಿ ಹುಮ್ನಾಬಾದಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಅಜ್ಜಿ ಎನ್ನುತ್ತೇನೆ, ಫೋಟೋದಲ್ಲಿ ಅವಳಿಗೆ ಆಗಿನ ನನಗಿಂತ ಎರಡು ಮೂರು ವರ್ಷ ಹೆಚ್ಚು, ಅಷ್ಟೆ. ಅದಾದ ಸ್ವಲ್ಪ ದಿನಕ್ಕೇ ತೀರಿಕೊಂಡಳು. ಅಪ್ಪ ಇನ್ನೂ ಅಂಬೆಗಾಲಿಕ್ಕುವ ಕೂಸು. ಅಪ್ಪನ ಅಕ್ಕ, ಎಂದರೆ ನಮ್ಮ ಅತ್ತೆ, ಐದು ವರ್ಷದವರು. ಇಬ್ಬರಿಗೂ ತಾಯಿ ಎಂದರೆ ಆ ಫೋಟೋ, ಬೇರೆ ಏನೂ ಇಲ್ಲ.

ಅದರ ಬಗ್ಗೆ ನಮ್ಮ ಮನೆಯಲ್ಲಿ ಎರಡು ಮಾತು ನಡೆಯುತ್ತಿದ್ದವು. ಒಂದು, ಅಜ್ಜಿ ಹಾಲಿನಂಥ ಬಿಳುಪು; ಅವಳನ್ನು ಕಂಡ ಹಿರಿಯರು ಹೋದಮೇಲೆ ಫೋಟೋ ನೋಡಿ ಆಡುತ್ತಿದ್ದದ್ದು. ಈ ಮಾತು ನನ್ನನ್ನು ನೋಡಿಕೊಂಡೇ ಬರುತ್ತಿತ್ತು. "ನಮ್ಮವ್ವ ಅಷ್ಟ ಬೆಳ್ಳಗ, ಈಕಿ ಯಾರಂಗ ಹುಟ್ಟ್ಯಾಳೋ ಏನೋ" ಎಂದು ಅತ್ತೆ ನನಗೆ ಎಣ್ಣೆ ಹಚ್ಚುವಾಗೆಲ್ಲ ನಿಟ್ಟುಸಿರು ಬಿಡುತ್ತಿದ್ದರು. ಎರಡನೆಯದು ಇನ್ನೂ ಕಹಿ. ಫೋಟೋದಲ್ಲಿ ಅಜ್ಜಿಯ ಹಣೆಯ ಮೇಲೆ ವಿಭೂತಿ ಇರಲಿಲ್ಲ. ಕಲ್ಯಾಣದ ಶರಣರ ಮನೆಯ ಸೊಸೆ ಬೋಳು ಹಣೆಯಲ್ಲಿ ಫೋಟೋಕ್ಕೆ ಕೂತಳಲ್ಲ ಎಂದು ಅಜ್ಜಿಯ ಅತ್ತೆ ಬದುಕಿರುವವರೆಗೆ ಆಡಿದ್ದೇ ಆಡಿದ್ದು. ಸತ್ತ ಸೊಸೆಯ ಮೇಲಿನ ಆ ಸಿಟ್ಟನ್ನೆಲ್ಲ ಕೇಳಿಸಿಕೊಂಡು ಬೆಳೆದವರು ನಮ್ಮ ಅತ್ತೆ. ಮನೆಗೆ ಯಾರಾದರೂ ಬಂದರೆ ಫೋಟೋಕ್ಕೆ ಹೂವಿನ ಹಾರ ಹಾಕಿ ಹಣೆ ಮುಚ್ಚುತ್ತಿದ್ದರು.

ಮೇಡಂ ನಮಗೆ ಒಂದು ಕೆಲಸ ಕೊಟ್ಟಿದ್ದರು: ಮನೆಯ ಒಂದು ಹಳೆಯ ಫೋಟೋ ತಂದು ಅದನ್ನು ಹೇಗೆ ಮಾಡಿದ್ದಾರೆಂದು ಬರೆಯಬೇಕು. ನಾನು ಅಜ್ಜಿಯದನ್ನು ಒಯ್ದೆ. ಬೆಳಕು ಎಡಗಡೆಯಿಂದ ಬಂದಿದೆ, ಮೂಗಿನ ನೆರಳು ಬಲಕ್ಕೆ ಬಿದ್ದಿದೆ ಎಂದೆಲ್ಲ ಬರೆದು, ಎಡಗಿವಿ ಮಾತ್ರ ಮುಖಕ್ಕಿಂತ ಕಪ್ಪಾಗಿರುವುದರಿಂದ ಅದರ ಮೇಲೆ ನೆರಳಿರಬೇಕು ಎಂದು ಸೇರಿಸಿದೆ.

ಮೇಡಂ ಓದುತ್ತ ಓದುತ್ತ ಪೆನ್ನು ತುಟಿಗೆ ಮುಟ್ಟಿಸಿದರು. "ಏ ಕಲ್ಯಾಣದಾಕಿ, ಬೆಳಕು ಎಡಕ್ಕಿಂದ ಬಂದದ ಅಂತಿ. ಎಡಗಿವಿ ಮ್ಯಾಲ ನೆರಳು ಹ್ಯಾಂಗ ಬಿತ್ತು?"

ಅವರು ಫೋಟೋ ತಿರುಗಿಸಿ ಹಿಂದಿದ್ದ ಸ್ಟುಡಿಯೋದ ಮುದ್ರೆ ನೋಡಿದರು, ಪೆನ್ಸಿಲಿನ ನಂಬರು ನೋಡಿದರು, ಮತ್ತೆ ಕಿವಿ ನೋಡಿದರು. ಆಮೇಲೆ ಫೋಟೋವನ್ನು ತಮ್ಮ ಚೀಲದಲ್ಲಿಟ್ಟುಕೊಂಡು ಕ್ಲಾಸು ಬಿಟ್ಟು ಹೊರಟುಹೋದರು. ಗಂಟೆ ಹೊಡೆಯುವ ಮುಂಚೆ ಅವರು ಹೊರಗೆ ಹೋದದ್ದು ಅದೊಂದೇ ದಿನ.

ಮರುದಿನ ಬಂದವರ ಕೈಯಲ್ಲಿ ಬೆಣ್ಣೆಕಾಗದದ ಒಂದು ಸಣ್ಣ ಪಾಕೀಟು ಇತ್ತು. ಅದರೊಳಗೆ ಅಜ್ಜಿಯ ನೆಗೆಟಿವ್. ಕಿಟಕಿಗೆ ಹಿಡಿದು ತೋರಿಸಿದರು. ಕಪ್ಪುಬಿಳುಪಿನ ಫಿಲ್ಮಿನಲ್ಲಿ ಅಜ್ಜಿಯ ಮುಖಕ್ಕೆ ಮಾತ್ರ ತೆಳ್ಳಗೆ ಕೆಂಪು ಬಣ್ಣ ಬಳಿದಿತ್ತು. ಹಣೆಯಿಂದ ಗದ್ದದವರೆಗೆ ನಾಜೂಕಾದ ಕೆಲಸ. ಎಡಗಿವಿ ಮಾತ್ರ ಹಾಗೇ ಉಳಿದಿತ್ತು.

"ಆ ಸ್ಟುಡಿಯೋ ನಮ್ಮಪ್ಪಂದು" ಎಂದರು ಮೇಡಂ, ಎಲ್ಲರಿಗೂ ಕೇಳುವಂತೆ. "ನಂಬರು ಹಾಕಿದ ನೆಗೆಟಿವ್ ಎಲ್ಲ ಇನ್ನೂ ಮನ್ಯಾಗ ಅವ. ಫೋಟೋದ ಕಾಗದಕ್ಕ ಕೆಂಪು ಬೆಳಕು ಕಾಣಂಗಿಲ್ಲ, ನಿಮಗ ಹೇಳೇನಿ. ನೆಗೆಟಿವ್ ಮ್ಯಾಲ ಕೆಂಪು ಹಚ್ಚಿದ್ರ ಅಲ್ಲಿ ಬೆಳಕು ಕಡಿಮಿ ಇಳೀತದ, ಮಾರಿ ಬೆಳ್ಳಗ ಬರ್ತದ. ಕರೇ ಮಂದಿ ಫೋಟೋ ತೆಗಿಸಿದ್ರ ಕೇಳದನ ಹಚ್ಚತಿದ್ವಿ. ಆಗ ನಾ ಹದಿನಾಲ್ಕು ವರ್ಷದಾಕಿ. ಬಣ್ಣ ಹಚ್ಚೂದು ನನ್ನ ಕೆಲಸ. ಕುಂಚದ ತುದಿ ತುಟೀಲೆ ಚೂಪು ಮಾಡ್ಕೋತಿದ್ದೆ. ಕಿವಿಗೆ ಹಚ್ಚೂದು ಯಾವಾಗಲೂ ಮರೀತಿದ್ದೆ, ಅಪ್ಪ ಬೈತಿದ್ರು. ಇದು ನನ್ನ ಕೈ."

ಅವರು ತಮ್ಮ ಕಪ್ಪು ಕೈಯನ್ನು ತಾವೇ ಒಮ್ಮೆ ನೋಡಿಕೊಂಡು, "ಇಂಥಾ ಕೈಲೆ ಊರ ಮಂದಿನ್ನೆಲ್ಲ ಬೆಳ್ಳಗ ಮಾಡೇನಿ ನೋಡ್ರಿ. ಚಂದ ಮಾಡಿದವರು ಯಾರು ಅಂತ ದಿನಾ ಕೇಳ್ತೀನಲ್ಲ, ಮಾಡಿದಾಕಿ ನಾನ" ಎಂದರು.

ನಾನು ಈವರೆಗೆ ಎಷ್ಟೋ ದೊಡ್ಡವರ ಭಾಷಣ ಕೇಳಿದ್ದೇನೆ. ಹದಿನಾಲ್ಕು ಮಂದಿ ವಿದ್ಯಾರ್ಥಿಗಳ ಎದುರು ನಿಂತು ತನ್ನ ಕೈಯ ತಪ್ಪನ್ನೇ ಪಾಠ ಮಾಡಿದವರನ್ನು ಇನ್ನೊಬ್ಬರನ್ನು ಕಂಡಿಲ್ಲ. ಇವರು ನನ್ನ ಮೇಡಂ ಎಂದು ಅವತ್ತು ನನ್ನ ಎದೆ ಉಬ್ಬಿತು.

ಆದರೆ ನನಗೆ ತಡೆಯಲಾಗಲಿಲ್ಲ. ಅಜ್ಜಿಯ ನಿಜವಾದ ಮುಖ ಆ ಕೆಂಪಿನ ಕೆಳಗೇ ಇತ್ತು! "ತೊಳದ ಬಿಡೂಣ್ರಿ ಮೇಡಂ, ನೀರು ಹಾಕಿದ್ರ ಹೋಗ್ತದಲ್ಲ" ಎಂದೆ.

"ಹುಚ್ಚಿ!" ಎಂದು ಗದರಿದರು. "ಹಳೇ ಫಿಲ್ಮು, ನೀರು ಬಿದ್ರ ಮಾರೀನೂ ಎದ್ದು ಹೋದೀತು. ಮ್ಯಾಲ ಇನ್ನೊಂದು ಮಾತು. ಈ ಬಣ್ಣಾನೂ ಇತಿಹಾಸನ ಅದ. ಹಚ್ಚಿದಾಕಿ ನಾನು ಅಂತ ಅದನ್ನ ಅಳಿಸೂ ಹಕ್ಕು ನನಗಿಲ್ಲ."

ಆಮೇಲೆ ಬೋರ್ಡಿನ ಕಡೆ ತಿರುಗಿದರು. ಚಾಕ್‌ಪೀಸು ತುಟಿಗೆ ಹೋಯಿತು. ಥಟ್ಟನೆ ತಿರುಗಿ, "ಕಾಗದಕ್ಕ ಕೆಂಪು ಕಾಣಂಗಿಲ್ಲ. ನಿನ್ನ ಮೊಬೈಲಿಗೆ ಕಾಣ್ತದಲ್ಲ?" ಎಂದರು.

ಅವರ ಮುಖದಲ್ಲಿ ಆ ಗಳಿಗೆ ಮೂಡಿದ ಖುಷಿ ಹದಿನಾಲ್ಕು ವರ್ಷದ ಹುಡುಗಿಯದೇ. ಹಿಂದೊಮ್ಮೆ ಅವರು ಬಿಳಿ ಹಾಳೆಯ ಮೇಲೆ ಕೆಂಪು ಪೆನ್ನಿನಿಂದ ಬರೆದು, ಮೇಲೆ ಕೆಂಪು ಜಿಲೇಟಿನ್ ಹಾಳೆ ಇಟ್ಟು, ಅಕ್ಷರ ಮಾಯವಾಗುವುದನ್ನು ತೋರಿಸಿದ್ದರು. ಅದೇ ಯುಕ್ತಿ. ಕಿಟಕಿಗಳನ್ನು ಮುಚ್ಚಿದೆವು. ಒಂದು ಕೆಂಪು ಬಲ್ಬು, ಅದರ ಮುಂದೆ ಉಜ್ಜಿ ಮಬ್ಬು ಮಾಡಿದ ಗಾಜು, ಗಾಜಿನ ಮೇಲೆ ನೆಗೆಟಿವ್. ಆ ಕೆಂಪು ಬೆಳಕಿನಲ್ಲಿ ಬಳಿದಿದ್ದ ಕೆಂಪು ಇಲ್ಲವೇ ಇಲ್ಲ ಎನ್ನುವಂತಾಯಿತು. ನಾನು ಮೊಬೈಲಿನಿಂದ ಫೋಟೋ ತೆಗೆದೆ. ಅದನ್ನು ಕಪ್ಪುಬಿಳುಪು ಮಾಡಿ, ಕಪ್ಪನ್ನು ಬಿಳಿಗೆ, ಬಿಳಿಯನ್ನು ಕಪ್ಪಿಗೆ ತಿರುಗಿಸಿದೆ.

ಅಜ್ಜಿ ಬಂದಳು. ಕಪ್ಪಗಿದ್ದಳು, ನನ್ನ ಹಾಗೆ. ಮೂಗು, ಗದ್ದ, ಗಲ್ಲದ ಎಲುಬು ಎಲ್ಲ ನನ್ನವೇ. ಆ ಕಪ್ಪು ಹಣೆಯ ಮೇಲೆ ಅಡ್ಡಲಾಗಿ ವಿಭೂತಿಯ ಮೂರು ಗೆರೆಗಳು ಎದ್ದು ಕಾಣುತ್ತಿದ್ದವು. ಮುಖ ಬೆಳ್ಳಗೆ ಮಾಡುವ ಭರದಲ್ಲಿ ಬಿಳಿಯೊಳಗೆ ಬಿಳಿಯಾಗಿ ಕಳೆದುಹೋಗಿದ್ದವು ಅವು.

ನನ್ನ ಮನೆಯ ಆ ಕಹಿ ಮಾತನ್ನು ನಾನು ಮೇಡಂಗೆ ಹೇಳಿದ್ದು ಆಗಲೇ. ಕೇಳಿದ್ದೇ ಅವರು ಆ ಚಿತ್ರವನ್ನು ನನ್ನಿಂದ ತಮ್ಮ ಮೊಬೈಲಿಗೆ ಕಳಿಸಿಕೊಂಡರು. "ಅದನ್ನ ನೀ ಒಯ್ಯಬ್ಯಾಡ. ನಾನ ಬಂದು ಕೊಡ್ತೀನಿ" ಎಂದರು.

ಭಾನುವಾರ ಮಧ್ಯಾಹ್ನ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಬಂದರು. ದೊಡ್ಡದಾಗಿ ಪ್ರಿಂಟು ಹಾಕಿಸಿ ತಂದಿದ್ದರು. ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ಬೆರಳಿನಿಂದ ಹಣೆಯ ಮೂರು ಗೆರೆಗಳನ್ನು ಒಂದೊಂದಾಗಿ ಸವರಿದರು.

"ಹಚ್ಚಿದ್ಳು" ಎಂದರು. "ತಮ್ಮಾ, ನಮ್ಮವ್ವ ಹಚ್ಚಿದ್ಳೋ!"

ಅಪ್ಪ ಗೋಡೆಯ ಕಡೆ ತಿರುಗಿ ನಿಂತರು. ಮೇಡಂ ಕೈ ಮುಗಿದು, "ಹೌದ್ರಿ, ಹಚ್ಚಿದ್ರು. ಅಳಿಸಿದಾಕಿ ನಾನು. ನನ್ನಿಂದ ನಿಮ್ಮವ್ವಗ ಮಾತು ಬಂತು. ತಪ್ಪಾಗ್ಯದ" ಎಂದು ನಡೆದದ್ದನ್ನೆಲ್ಲ ಹೇಳಿದರು, ಕಿವಿಯ ಸಂಗತಿಯನ್ನೂ ಬಿಡಲಿಲ್ಲ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಕಿವಿ ಮರತಿದ್ದು ಛಲೋ ಆತು ನೋಡ್ರಿ ಅಕ್ಕಾರ. ಅದಕ್ಕೂ ಹಚ್ಚಿದ್ರಂದ್ರ ನಮ್ಮವ್ವ ನಮಗ ಸಿಗ್ತಿದ್ದಿಲ್ಲ. ಏಳ್ರಿ, ರೊಟ್ಟಿ ಬಿಸಿ ಅವ, ಉಂಡ ಹೋಗಬೇಕು."

ಬಡಿಸುವಾಗ ಅತ್ತೆ ನನ್ನ ಮುಖ ನೋಡಿದರು, ಮಡಿಲಿಂದ ಇಳಿಸಿಟ್ಟ ಫೋಟೋ ನೋಡಿದರು, ಮತ್ತೆ ನನ್ನನ್ನು ನೋಡಿದರು. ಅವತ್ತಿನಿಂದ ಅವರ ಬಾಯಲ್ಲಿ ನಾನು "ನಮ್ಮವ್ವ" ಆದೆ. ಗೋಡೆಯ ಮೇಲೆ ಈಗ ಎರಡೂ ಫೋಟೋಗಳಿವೆ, ಬಿಳಿಯದೂ ಕರಿಯದೂ. ಎರಡನ್ನೂ ಹಾಕಬೇಕೆಂದು ಮೇಡಂ ಹಟ ಹಿಡಿದಿದ್ದರು. ಹಾರ ಮಾತ್ರ ಹಣೆ ಬಿಟ್ಟು ಕೆಳಗೆ ಬೀಳುತ್ತದೆ. ಬಂದವರಿಗೆಲ್ಲ ಅಪ್ಪ ತಾವೇ ಫೋಟೋದ ಇತಿಹಾಸ ಹೇಳುತ್ತಾರೆ.

ಆ ವಿಷಯವನ್ನೇ ಮುಂದೆ ಓದಿ ನಾನೀಗ ಕಲಬುರಗಿಯಲ್ಲಿ ಕಲಿಸುತ್ತಿದ್ದೇನೆ. ಹೋದ ತಿಂಗಳು ಮೇಡಂ ತೀರಿಕೊಂಡ ಸುದ್ದಿ ಬಂತು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕಾಲೇಜಿನ ಗೇಟಿಗೆ ಒಂದು ಫ್ಲೆಕ್ಸ್ ಹಾಕಿಸುವುದೆಂದಾಯಿತು. ಫೋಟೋ ನಾನೇ ಕಳಿಸಿದ್ದೆ, ಒಮ್ಮೆ ಕ್ಲಾಸಿನಲ್ಲಿ ಅವರಿಗೆ ಗೊತ್ತಾಗದಂತೆ ತೆಗೆದದ್ದು. ಹುಮ್ನಾಬಾದಿನಲ್ಲಿ ಬಸ್ಸಿಳಿದು ಫ್ಲೆಕ್ಸ್ ಅಂಗಡಿಗೆ ಹೋದರೆ ಕಂಪ್ಯೂಟರಿನಲ್ಲಿ ಯಾರೋ ಗೋಧಿ ಬಣ್ಣದ ಹೆಂಗಸು ನನ್ನನ್ನು ನೋಡುತ್ತಿದ್ದಳು.

"ಇದೇನ್ರಿ ಇದು?" ಎಂದೆ.

"ಮೇಡಂ ಅವ್ರು ಜರಾ ಚಂದ ಕಾಣ್ಲಿ ಅಂತ ಮಾಡೇನ್ರಿ" ಎಂದರು ಅಂಗಡಿಯವರು, ಪಾಪ, ಒಳ್ಳೆಯ ಮನಸ್ಸಿನಿಂದಲೇ.

"ಯಾರ ಕಣ್ಣಿಗ್ರಿ ಚಂದ?" ನನ್ನ ಬಾಯಿಂದ ಬಂದದ್ದು ನನ್ನ ದನಿಯಾಗಿರಲಿಲ್ಲ. "ಅವ್ರು ಹ್ಯಾಂಗ ಇದ್ರೋ ಹಂಗ ಮಾಡ್ರಿ. ಒಂದು ಕೂದಲನೂ ಮುಟ್ಟಬ್ಯಾಡ್ರಿ."

ಅವರು ಮೂಲ ಫೋಟೋ ತೆರೆದರು. ಕಡುಗಪ್ಪು ಮುಖ, ಹೊಳೆಯುವ ಕಣ್ಣು, ಮೇಡಂ ಬಂದರು. ಅಂಗಡಿಯವರು ತುಟಿಯ ಮೇಲೆ ಬಾಣದ ಗುರುತು ಒಯ್ದು ನಿಲ್ಲಿಸಿ ಕೇಳಿದರು. "ಇಲ್ಲೊಂದು ಬಿಳಿ ಕಲೆ ಅದಲ್ರಿ, ಇದನ್ನಾರ ತೆಗೀಲೇನ್ರಿ?"

"ಅದನ್ನ ತೆಗದ್ರ ಅವ್ರ ಅಲ್ರಿ ಅದು" ಎಂದೆ.

ಸಂಜೆ ಫ್ಲೆಕ್ಸ್ ಕಟ್ಟಿದರು. ರಸ್ತೆ ದಾಟಿ ಆಚೆಯ ಬಸ್ ಸ್ಟಾಪಿನಲ್ಲಿ ನಿಂತು ತಿರುಗಿ ನೋಡಿದೆ. ತುಟಿಯ ಮೇಲಿನ ಆ ಬಿಳಿ ಚುಕ್ಕೆ ಅಲ್ಲಿಗೂ ಕಾಣುತ್ತಿತ್ತು.