ನಾವು ದೋಣಿ ಇಳಿಸಿದ ಕೆರೆ

ಅಕ್ಕೂರಿನ ಕಡೆ ನನ್ನ ಗಂಡನ ಊರು. ಅಲ್ಲಿಯ ಕೆರೆ ನಾಲ್ಕೈದು ವರ್ಷ ಒಣಗಿ ಬಿದ್ದಿತ್ತು. ಹೋದ ಸಲದ ಮಳೆಗೆ ತುಂಬಿತು. ನಾವು ರಾಮನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಗಂಡನಿಗೆ ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಊರಲ್ಲಿ ಅತ್ತೆ ಮತ್ತು ಭಾವ ಇದ್ದಾರೆ. ಭಾವ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುತ್ತಾರೆ. ಮದುವೆಯಾಗಿಲ್ಲ. ನಾಲ್ಕೂವರೆ ವರ್ಷದ ನನ್ನ ಮಗಳೆಂದರೆ ಅವರಿಗೆ ಪ್ರಾಣ.

ಅವಳಿಗಾಗಿಯೇ ಅವರು ದೋಣಿ ತಂದದ್ದು. ಮುಚ್ಚಿಹೋದ ಯಾವುದೋ ರೆಸಾರ್ಟಿನವರು ಸಾಮಾನು ಮಾರುತ್ತಿದ್ದರಂತೆ. ಹಳದಿ ಬಣ್ಣದ, ಉದ್ದನೆಯ ಪ್ಲಾಸ್ಟಿಕ್ ದೋಣಿ, ಎರಡು ಹುಟ್ಟು, ಬಣ್ಣ ಮಾಸಿದ ನಾಲ್ಕು ಲೈಫ್ ಜಾಕೆಟ್ಟು. ಭಾನುವಾರ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಅದು ಟ್ರ್ಯಾಕ್ಟರಿನ ಮೇಲೆ ಸಿದ್ಧವಾಗಿತ್ತು.

"ಕೆನೂ ಅಂತಾರಂತೆ ಕಣವ್ವ ಇದಕ್ಕೆ," ಎಂದರು ಭಾವ. "ನಾಲ್ಕು ಜನ ಆರಾಮಾಗಿ ಕೂರಬೌದು. ಕೂಸಿಗೆ ಒಸಿ ಕೆರೆ ತೋರಿಸ್ಕೊಂಡು ಬಂದ್ಬುಡಾನ."

ಏರಿಯ ಮೇಲೆ ನಿಂತು ನೋಡಿದರೆ ಕೆರೆ ಚೆನ್ನಾಗಿಯೇ ಕಾಣುತ್ತಿತ್ತು. ಅಂತರಗಂಗೆಯ ಕಳೆ ಹಬ್ಬಿ, ನೇರಳೆ ಹೂ ಬಿಟ್ಟು, ನಡುವೆ ನೀರು ಹೊಳೆಯುತ್ತಿತ್ತು. ಕೆಳಗಿಳಿಯುತ್ತಿದ್ದಂತೆ ವಾಸನೆ ಬಂತು. ಎಲ್ಲೋ ಇಲಿ ಸತ್ತಿರಬೇಕು ಅಂದುಕೊಂಡೆ. ಮಗಳು ಆಗಲೇ ದೊಡ್ಡಪ್ಪನ ಹೆಗಲೇರಿದ್ದಳು. ಬೇಡ ಅನ್ನಲು ಬಾಯಿ ಬರಲಿಲ್ಲ.

ಮುಂದೆ ಭಾವ, ಹಿಂದೆ ಗಂಡ ಹುಟ್ಟು ಹಿಡಿದು ಕೂತರು. ನಡುವೆ ನಾನು, ನನ್ನ ಮಡಿಲಲ್ಲಿ ಮಗಳು. ಅತ್ತೆ ಏರಿಯ ಮೇಲೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು.

ಹತ್ತು ಮಾರು ಹೋಗುವುದರೊಳಗೆ ಅದು ಇಲಿಯ ವಾಸನೆ ಅಲ್ಲವೆಂದು ಗೊತ್ತಾಯಿತು. ನೀರಿನ ಮೇಲೆ ಎಣ್ಣೆಯಂಥ ಪದರ. ಹುಟ್ಟು ಎದ್ದಾಗಲೆಲ್ಲ ಅದರ ತುದಿಯಿಂದ ಲೋಳೆ ನೂಲಿನಂತೆ ಇಳಿಯುತ್ತಿತ್ತು. ಅಂತರಗಂಗೆಯ ಸಂದಿಯಲ್ಲಿ ಹೆಂಡದ ಪೊಟ್ಟಣಗಳು, ದೇವರ ಫೋಟೋದ ಚೌಕಟ್ಟು, ಉಬ್ಬಿದ ಚೀಲಗಳು. ಒಂದು ಗೊಬ್ಬರದ ಚೀಲದ ಬಾಯಿಂದ ಕೋಳಿಯ ಕಾಲುಗಳು ಹೊರಚಾಚಿದ್ದವು. ಮಗಳು ಅವನ್ನು ಎಣಿಸತೊಡಗಿದಳು.

"ಅಣ್ಣ, ವಾಪಸ್ ಹೋಗಾನ," ಎಂದರು ಗಂಡ.

"ನಡೂಕೆ ಹೋದ್ರೆ ನೀರು ತಿಳಿಯಾಗೈತೆ ಕಣ್ಲಾ. ಹಾಕು ನೀನು."

ಗಂಡ ಹುಟ್ಟು ಹಾಕಿದರು. ಅದು ಆ ಗೊಬ್ಬರದ ಚೀಲಕ್ಕೇ ತಗುಲಿತು. ಕೊಳೆತ ಚೀಲ ಬಿರಿದು, ಒಳಗಿದ್ದದ್ದು ನಮ್ಮ ಮೇಲೆ ಸಿಡಿಯಿತು. ಕರುಳು, ಪುಕ್ಕ, ಹಸಿರುಗಟ್ಟಿದ ರಸ. ನನ್ನ ಕುತ್ತಿಗೆಯ ಮೇಲೆ ಏನೋ ತಣ್ಣಗೆ ಜಾರಿ ರವಿಕೆಯೊಳಗೆ ಇಳಿಯಿತು. ಮಗಳ ಕೆನ್ನೆಯ ಮೇಲೂ ಬಿದ್ದಿತ್ತು. ಅವಳು ನಗುತ್ತ ಅದನ್ನು ಬೆರಳಿಂದ ಒರೆಸಿ, ಆ ಬೆರಳನ್ನೇ ಬಾಯಿಗೆ ಒಯ್ಯುತ್ತಿದ್ದಳು. ನಾನು ಕೈ ಹಿಡಿದುಕೊಂಡೆ. ಹಿಡಿದುಕೊಂಡೇ ಇನ್ನೊಂದು ಪಕ್ಕಕ್ಕೆ ಬಾಗಿ ಬೆಳಗಿನ ಇಡ್ಲಿಯನ್ನೆಲ್ಲ ಕಾರಿಕೊಂಡೆ.

ಎಲ್ಲರೂ ಒಂದೇ ಸಲ ಅಲುಗಾಡಿದ್ದಕ್ಕೆ ದೋಣಿ ಅಡ್ಡತಿರುಗಿ ಅಂತರಗಂಗೆಯೊಳಗೆ ನುಗ್ಗಿ ಸಿಕ್ಕಿಕೊಂಡಿತು. ಬೇರುಗಳು ಹುಟ್ಟಿಗೆ ಸುತ್ತಿಕೊಂಡವು. ಎಳೆದಷ್ಟೂ ಒಳಗಿನಿಂದ ಗುಳ್ಳೆ ಎದ್ದು ಒಡೆಯುತ್ತಿತ್ತು, ಒಡೆದಾಗಲೆಲ್ಲ ನಾತ.

ಆಗ ಮಗಳು, "ಅಮ್ಮ, ನಾನು," ಎಂದಳು.

ಅವಳು ತೋರಿಸಿದ ಕಡೆ ನೋಡಿದೆ. ಬೇರಿನ ನಡುವೆ ಗೇಣಗಲದ ಗುಲಾಬಿ ಚೀಲವೊಂದು ಬಾಯಿ ಕಟ್ಟಿಸಿಕೊಂಡು ತೇಲುತ್ತಿತ್ತು. ಅದರ ಮೇಲೆ ತಲೆಗೆ ಹೂವಿನ ಪಟ್ಟಿ ಕಟ್ಟಿಕೊಂಡ ಕೂಸಿನ ಫೋಟೋ, ಕೆಳಗೆ ನನ್ನ ಮಗಳ ಹೆಸರು. ಅವಳ ನಾಮಕರಣಕ್ಕೆ ಬಂದವರಿಗೆ ತೆಂಗಿನಕಾಯಿ, ಎಲೆ ಅಡಿಕೆ ಇಟ್ಟು ಕೊಟ್ಟ ತಾಂಬೂಲದ ಚೀಲ. ಅದೇ ಫೋಟೋ ನಮ್ಮ ಮನೆಯ ಗೋಡೆಯ ಮೇಲಿದೆ. ಅವಳಿಗೆ ಗುರುತು ಸಿಕ್ಕದೆ ಇರುತ್ತದೆಯೇ. ಸ್ವಲ್ಪ ದೂರದಲ್ಲಿ ಅಂಥದೇ ಇನ್ನೊಂದು. ಅದರಾಚೆ ಮತ್ತೊಂದು.

ಒಳಗೇನಿದೆ ಎಂದು ನನಗೆ ಬಿಚ್ಚಿ ನೋಡಬೇಕಾಗಿರಲಿಲ್ಲ. ನಾಮಕರಣವಾದ ಮೇಲೆ ಕೂಸನ್ನು ಕಟ್ಟಿಕೊಂಡು ನಾಲ್ಕು ತಿಂಗಳು ಊರಲ್ಲೇ ಇದ್ದೆ. ಮಿಕ್ಕಿದ ಚೀಲಗಳಲ್ಲಿ ಅವಳ ಡೈಪರುಗಳನ್ನು ತುಂಬಿ, ಬಿಗಿಯಾಗಿ ಗಂಟು ಹಾಕಿ, ಬಾಗಿಲ ಪಕ್ಕ ಇಡುತ್ತಿದ್ದವಳು ನಾನೇ. ಆ ಗಂಟು ನನ್ನದೇ, ಎರಡು ಸುತ್ತಿನದು. ಭಾವ ತೋಟಕ್ಕೆ ಹೋಗುವಾಗ ಎತ್ತಿಕೊಂಡು ಹೋಗುತ್ತಿದ್ದರು. ಎಲ್ಲಿಗೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಮನೆ ಚೊಕ್ಕವಾಗಿದ್ದರೆ ಸಾಕಾಗಿತ್ತು ನನಗೆ.

"ಭಾವ, ಇದನ್ನೆಲ್ಲ ಇಲ್ಲೇ ಹಾಕ್ತಿದ್ರಾ?"

ಭಾವ ತಿರುಗಲಿಲ್ಲ. "ಆಗ ಕೆರೆ ಒಣಗೋಗಿತ್ತು ಕಣವ್ವ. ಎಲ್ರೂ ಇಲ್ಲೇ ಎಸೀತಿದ್ರು. ಇನ್ನೆಲ್ಲಿಗೆ ಎತ್ತಾಕ್ಲಿ? ಮತ್ತೆ ನೀರು ತುಂಬ್ತದೆ ಅಂತ ಯಾರಿಗ್ಗೊತ್ತಿತ್ತು?"

"ಅಮ್ಮ, ಅದನ್ನ ತಗೊಳ್ಳೋಣ. ನಂದು ಅದು," ಎಂದು ಮಗಳು ಕೈಚಾಚಿದಳು. ನಾನು ಅವಳ ಎರಡೂ ಕೈಯನ್ನು ಒತ್ತಿ ಹಿಡಿದೆ. ನೋವಾಗಿ ಅಳತೊಡಗಿದಳು.

ಕೊನೆಗೆ ನನ್ನ ಗಂಡ ನೀರಿಗೆ ಇಳಿದರು. ಸೊಂಟದವರೆಗೆ ನೀರು, ಅದರ ಕೆಳಗೆ ಮಂಡಿಯವರೆಗೆ ಕೆಸರು. ದೋಣಿಯನ್ನು ತಳ್ಳುತ್ತ, ಮುಖವನ್ನು ಆದಷ್ಟು ಮೇಲೆತ್ತಿಕೊಂಡು, ಬಾಯಿ ಬಿಗಿಹಿಡಿದು ದಡದವರೆಗೂ ನಡೆದರು. ಏರಿ ಹತ್ತಿದಾಗ ಅವರ ಕಾಲುಬೆರಳ ಸಂದಿಯಲ್ಲಿ ಕೋಳಿಪುಕ್ಕ ಮೆತ್ತಿತ್ತು.

ತೋಟದ ಪಂಪ್‌ಸೆಟ್ಟಿನ ಕೆಳಗೆ ಮಗಳನ್ನು ನಿಲ್ಲಿಸಿ ಮೂರು ಸಲ ಸೋಪು ಹಾಕಿದೆ. ಅವಳ ಬಟ್ಟೆಯನ್ನೂ ನನ್ನ ಸೀರೆಯನ್ನೂ ಅತ್ತೆಯ ಕೈಗೆ ಕೊಟ್ಟು ಸುಟ್ಟುಬಿಡಿ ಎಂದೆ. ಸಂಜೆಯ ಹೊತ್ತಿಗೆ ಮಗಳ ತೊಡೆಯ ಮೇಲೆ ಕೆಂಪು ದದ್ದುಗಳೆದ್ದವು. ಡಾಕ್ಟರು ಕೊಟ್ಟ ಮುಲಾಮಿಗೆ ವಾರದಲ್ಲಿ ಇಳಿದವು. ನನಗೆ ಮಾತ್ರ ತಿಂಗಳುಗಟ್ಟಲೆ ಕೋಳಿ ಸೇರಲಿಲ್ಲ. ಊಟಕ್ಕೆ ಕೂತರೆ ಕತ್ತಿನ ಹಿಂದೆ ಆ ತಣ್ಣನೆಯ ಜಾರು ನೆನಪಾಗಿ ತಟ್ಟೆ ಸರಿಸುತ್ತಿದ್ದೆ. ಭಾವನ ಜೊತೆ ಮಾತು ನಿಲ್ಲಿಸಿದ್ದೆ. ಕೇಳದೇ ಇದ್ದವಳು ನಾನು ಎಂಬುದು ಗೊತ್ತಿದ್ದೂ ನಿಲ್ಲಿಸಿದ್ದೆ.

ಮುಂದಿನ ಹಬ್ಬಕ್ಕೆ ಹೋದಾಗ ಭಾವನೇ ಮಾತಿಗೆ ಬಂದರು. ಅವರ ಬೆರಳುಗಳ ತುಂಬ ಹರಿದ ಗಾಯ.

"ಕೂಸಿನ ಮಖ ಇದ್ದೋವು ಎಲ್ಲಾನೂ ತೆಗೆದ್ಬುಟ್ಟೆ ಕಣವ್ವ. ಗುಂಡಿ ತೋಡಿ ಮುಚ್ಬುಟ್ಟೆ."

"ಮಿಕ್ಕಿದ್ದು?"

"ಅವು ನಮ್ಮವಲ್ಲವಲ್ಲ."

ನನಗೆ ಸಮಾಧಾನವಾಯಿತು. ನಿಜವಾಗಿಯೂ ಆಯಿತು; ಕಾಫಿ ಲೋಟ ಅವರ ಕೈಗೆ ಕೊಟ್ಟು ಒಳಗೆ ಹೋದೆ. ಒಲೆಯ ಮುಂದೆ ನಿಂತ ಮೇಲೆ, ಇಷ್ಟಕ್ಕೇ ಸಮಾಧಾನವಾಯಿತೇ ಎಂದು ನನ್ನ ಮೇಲೆ ನನಗೇ ಹೇಸಿಗೆ ಬಂತು. ಕೆರೆಯಲ್ಲಿ ಬಂದದ್ದಕ್ಕಿಂತ ಹೆಚ್ಚು.

ದೋಣಿ ಈಗ ಭಾವನ ರೇಷ್ಮೆಹುಳದ ಮನೆಯ ಹಿಂದೆ ಇದೆ. ಅದರಲ್ಲಿ ಬ್ಲೀಚಿಂಗ್ ಪೌಡರಿನ ನೀರು ತುಂಬಿಸಿ ಹುಳದ ತಟ್ಟೆಗಳನ್ನು ನೆನೆಹಾಕುತ್ತಾರೆ. ಕೆರೆಗೆ ಯಾವಾಗ ಹೋಗುವುದೆಂದು ಮಗಳು ಕೇಳಿದರೆ ದೋಣಿ ತೂತಾಗಿದೆ ಎನ್ನುತ್ತೇನೆ. ಮೊನ್ನೆ ಅವಳು ಅದರ ಸುತ್ತ ಎರಡು ಸುತ್ತು ಬಂದು, ಬಗ್ಗಿ ನೋಡಿ, ನೀರು ಎಲ್ಲೂ ಸೋರುತ್ತಿಲ್ಲವಲ್ಲ ಅಮ್ಮ ಎಂದಳು.