ಹಿಮದಲ್ಲಿ ಅಮ್ಮನನ್ನು ಕರೆತಂದದ್ದು

ಇಂದು ಬೆಳಿಗ್ಗೆ ಗರಾಜಿನ ಬಾಗಿಲು ತೆರೆದಾಗ, ಕಾರಿನ ಗಾಜು ತೊಳೆಯುವ ನೀಲಿ ದ್ರವದ ಘಾಟು ಮೂಗಿಗೆ ಬಡಿಯಿತು. ಮಲ್ಲಿಗೆಯ ಪರಿಮಳಕ್ಕೆ ನಿಮಗೆ ತವರು ನೆನಪಾಗಬಹುದು. ಈ ಘಾಟಿಗೆ ನನಗೆ ನೆನಪಾಗುವುದು ಪರದೇಶದ ಈ ವಿಟ್ಬಿ ಊರಿನಲ್ಲಿ ಕಳೆದ ನಮ್ಮ ಮೊದಲ ಚಳಿಗಾಲಗಳು. ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು.

ಉಡುಪಿಯಲ್ಲಿ ಸ್ಕೂಟರ್ ಓಡಿಸಿದ ಧೈರ್ಯದ ಮೇಲೆ ಇಲ್ಲಿ ಕಾರು ಕಲಿತಿದ್ದೆ. ಬೇಸಿಗೆಯಲ್ಲಿ ನನ್ನಷ್ಟು ಜಂಬದ ಡ್ರೈವರು ಇನ್ನೊಬ್ಬರಿರಲಿಲ್ಲ. ಆದರೆ ಒಂದು ಡಿಸೆಂಬರಿನಲ್ಲಿ, ಹೈವೇಗೆ ಏರುವ ತಿರುವಿನಲ್ಲಿ ಕಾರು ಜಾರಿ, ಬುಗುರಿಯಂತೆ ಸುತ್ತಿ, ಬಂದ ದಾರಿಗೇ ಮುಖ ಮಾಡಿ ನಿಂತುಬಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಟೀವಿಯಲ್ಲಿ ಹಿಮದ ಸುದ್ದಿ ಬಂದರೆ ಸಾಕು, ಅಂಗೈ ಬೆವರುತ್ತಿತ್ತು. ಹಿಮ ಬಿದ್ದ ದಿನಗಳಲ್ಲೇ ನನಗೆ ಹಲ್ಲುನೋವು, ಹೊಟ್ಟೆನೋವು, ಜ್ವರ ಸರದಿಯ ಮೇಲೆ ಬಂದವು. ನನ್ನದು ಬಹಳ ನಾಜೂಕು ದೇಹವೆಂದು ಆಫೀಸಿನವರು ಮರುಕಪಟ್ಟರು.

ಎದುರು ಮನೆಯ ವಸುಧಾಗೆ ಮಾತ್ರ ಮರುಕ ಬರಲಿಲ್ಲ. ಮೈಸೂರಿನವಳು, ಎಂಜಿನಿಯರು. ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಅಂಗಡಿಗಳ ಪ್ಲಾಜಾವೊಂದರ ಖಾಲಿ ಪಾರ್ಕಿಂಗ್ ಲಾಟಿಗೆ ಎಳೆದೊಯ್ದಳು. ನೆಲದ ತುಂಬ ಹೊಸ ಹಿಮ.

"ಈಗ ಬೇಕಂತಲೇ ಜಾರ್ಸು," ಅಂದಳು.

"ನಿನಗೆ ತಲೆ ಸಮ ಉಂಟಾ?"

"ಇಲ್ಲಿ ಗುದ್ದೋಕೆ ಏನೂ ಇಲ್ಲ ಕಣೇ. ಜಾರಿದ್ರೆ ಬ್ರೇಕ್ ತುಳೀಬೇಡ, ಕಾಲು ತೆಗಿ. ಎಲ್ಲಿಗೆ ಹೋಗ್ಬೇಕೋ ಅಲ್ಲಿ ನೋಡು. ಭಯ ಆದ್ರೆ ಬಾಯ್ಬಿಟ್ಟು ಮಾತಾಡು, ಸುಮ್ನಿದ್ರೆ ಉಸಿರು ಕಟ್ಟತ್ತೆ."

ಜಾರಿಸಿದೆ, ಕಿರುಚಿದೆ, ಮತ್ತೆ ಜಾರಿಸಿದೆ. ಎಷ್ಟೋ ಭಾನುವಾರಗಳು ಹಾಗೇ ಹೋದವು. ಕಡೆಕಡೆಗೆ ನಗುವೂ ಬರತೊಡಗಿತು. ಆದರೆ ಖಾಲಿ ಲಾಟು ಬೇರೆ, ಲಾರಿಗಳು ಮೊರೆಯುವ ಹೈವೇ ಬೇರೆ.

ಹೀಗಿರುವಾಗ, ಹಿಮವನ್ನೇ ನೋಡಬೇಕೆಂದು ಹಟ ಹಿಡಿದು ಅಮ್ಮ ಚಳಿಗಾಲದಲ್ಲೇ ಊರಿಂದ ಹೊರಟಳು. ಅವಳು ಇಳಿಯುವ ದಿನ, ಅವಳ ಆಸೆ ಗೊತ್ತಿದ್ದಂತೆ, ಆಕಾಶ ಬೆಳಗಿನಿಂದ ಸುರಿಯಿತು. ಮಧ್ಯಾಹ್ನ ವಾನ್ ಎಂಬ ಊರಿನ ಗೋದಾಮಿನಿಂದ, ಕೆಲಸದಲ್ಲಿದ್ದ ನನ್ನವರ ಫೋನು: "ಮುಂದಿನ ಶಿಫ್ಟಿನವರು ಯಾರೂ ಬರ್ಲಿಲ್ಲ. ನನಗೆ ಹೊರಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ." ಟ್ಯಾಕ್ಸಿಯವರು ಬರುವುದಿಲ್ಲವೆಂದರು. ಇಂಗ್ಲಿಷು ಬಾರದ ಅಮ್ಮ ವಿಮಾನ ನಿಲ್ದಾಣದಲ್ಲಿ ಒಬ್ಬಳೇ ನಿಂತಿರುವುದು ಕಣ್ಣಿಗೆ ಕಟ್ಟಿತು. ಕೀಲಿ ತೆಗೆದುಕೊಂಡೆ.

ದಾರಿಯುದ್ದಕ್ಕೂ ಬಾಯ್ಬಿಟ್ಟು ಮಾತಾಡಿದೆ. "ಈಗ ಕಾಲು ಮೆತ್ತಗೆ. ಎಡಕ್ಕೆ ಲಾರಿ. ಹೋಗು ಮಾರಾಯ, ನಿನಗೇ ಅರ್ಜೆಂಟು." ಒಂದು ಸೇತುವೆಯ ಮೇಲೆ ಕಾರಿನ ಹಿಂಭಾಗ ತಟ್ಟನೆ ಬಲಕ್ಕೆ ವಾಲಿತು. ಕಾಲು ತೆಗೆದೆ, ಸೇತುವೆಯ ತಡೆಗೋಡೆಯ ಕಡೆ ನೋಡದೆ, ದೂರದ ದಾರಿಯನ್ನೇ ನೋಡಿದೆ. ಕಾರು ಒಮ್ಮೆ ತಲೆಯಾಡಿಸಿ ನೆಟ್ಟಗಾಯಿತು. "ಬಂತು!" ಎಂದು ಒಬ್ಬಳೇ ಕೂಗಿದೆ. ನನ್ನ ದನಿಗೆ ನಾನೇ ಬೆಚ್ಚಿದೆ.

ಅಮ್ಮ ಸೀರೆಯ ಮೇಲೆ ಎರಡೆರಡು ಸ್ವೆಟರು ತೊಟ್ಟು ನಿಂತಿದ್ದಳು.

"ಅಳಿಯ ಎಲ್ಲಿ?"

"ಬರ್ಲಿಲ್ಲ. ನಾನೇ ಕಾರು ಬಿಟ್ಕೊಂಡು ಬಂದೆ."

"ಈ ಬಿಳಿಯಲ್ಲಿಯಾ?"

"ಹೌದು."

ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಾಗಾದ್ರೆ ಹೋಗುವ," ಎಂದಳು.

ಅಮ್ಮನ ಬಗ್ಗೆ ನಿಮಗೊಂದು ಮಾತು ಹೇಳಬೇಕು. ತಾನು ಕಣ್ಣು ಮುಚ್ಚಿದರೆ ಡ್ರೈವರೂ ಮುಚ್ಚುತ್ತಾನೆಂಬ ನಂಬಿಕೆಯಲ್ಲಿ, ಮಂಗಳೂರು ಬಸ್ಸಿನಲ್ಲಿ ಇಡೀ ದಾರಿ ಕಣ್ಣರಳಿಸಿ ಕೂರುವ ಹೆಂಗಸು ಅವಳು. ಅಂದು ಸ್ವಲ್ಪ ಹೊತ್ತು, "ಎಂಥ ಚಂದ! ಹತ್ತಿ ಬಿಡಿಸಿದ ಹಾಗೆ," ಎಂದಳು. ಆಮೇಲೆ ಮಾತು ನಿಂತಿತು. ತಿರುಗಿ ನೋಡಿದರೆ ಬಾಯಿ ಸ್ವಲ್ಪ ತೆರೆದು ಗೊರಕೆ ಹೊಡೆಯುತ್ತಿದ್ದಾಳೆ! ಲೈಸೆನ್ಸು ಕೊಟ್ಟ ಸರಕಾರ ನನ್ನನ್ನು ಇಷ್ಟು ನಂಬಿರಲಿಲ್ಲ. ಕಣ್ಣು ತುಂಬಿಬಂತು. ಒರೆಸಿಕೊಳ್ಳಲು ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ, ಅಷ್ಟು ಬುದ್ಧಿ ಆಗ ಬಂದಿತ್ತು.

ವರ್ಷಗಳಾದವು. ಮೊದಲ ಹಿಮಕ್ಕೆ ಈಗಲೂ ಎದೆ ಒಮ್ಮೆ ಡವಗುಟ್ಟುತ್ತದೆ, ಡವಗುಟ್ಟಲಿ ಬಿಡಿ. ಇಂದು ರೆಕ್ಸ್‌ಡೇಲಿನ ಗೆಳೆಯರ ಮನೆಯಲ್ಲಿ ಊಟ. ನನ್ನವರು ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಾ, "ನಾಳೆ ಹೋದ್ರೆ ಆಗುದಿಲ್ವಾ?" ಎನ್ನುತ್ತಿದ್ದಾರೆ. ಬೀದಿಯಲ್ಲಿ ಇನ್ನೂ ಯಾರೂ ಹೊರಟಿಲ್ಲ, ಕಣ್ಣು ಹಾಯುವವರೆಗೂ ಬಿಳುಪು. ಗೇರ್ ಹಾಕಿದೆ. ಮೊದಲ ಚಕ್ರದ ಗುರುತು ನಮ್ಮದೇ.