ಗೋಡೆಯಾಚೆಯ ಫ್ಯಾನು

ನಮ್ಮ ಬೀದಿಯಲ್ಲಿ ಹಗಲು ಮಲಗಿ ರಾತ್ರಿ ದುಡಿಯುತ್ತಿದ್ದವಳು ಅವಳೊಬ್ಬಳೇ. ಔಷಧಿ ಕಾರ್ಖಾನೆಯಲ್ಲಿ ಅವಳಿಗೆ ರಾತ್ರಿ ಪಾಳಿ. ಓಡುವ ಪಟ್ಟಿಯ ಮೇಲೆ ಸಾಲಾಗಿ ಬರುವ ಬಾಟಲಿಗಳಿಗೆ ಸರಿಯಾದ ಲೇಬಲ್ ಅಂಟಿದೆಯೇ ಎಂದು ನೋಡುವುದು ಅವಳ ಕೆಲಸ. ತಪ್ಪಿದ್ದರೆ ಎತ್ತಿ ಪಕ್ಕಕ್ಕಿಡಬೇಕು. ಕೇಳುವುದಕ್ಕೆ ಸುಲಭ. ಆದರೆ ಬಾಟಲಿಗಳು ಯಾರಿಗಾಗಿಯೂ ನಿಲ್ಲುವುದಿಲ್ಲ. ಆಕಳಿಸಿ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ನಾಲ್ಕಾರು ದಾಟಿಬಿಡುತ್ತವೆ. ಅವಳ ಕಣ್ಣು ತಪ್ಪಿಸಿ ಒಂದೂ ದಾಟುತ್ತಿರಲಿಲ್ಲ. ಅದಕ್ಕೇ ಜೊತೆಯ ಹೆಂಗಸರು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಮಾತ್ರ, ನಲವತ್ತು ದಾಟಿದ ಮೇಲೂ, ಅವಳು ಪುಟ್ಟಿಯೇ.

ಕಾರ್ಖಾನೆಯ ಹಿಂಬದಿಗೆ ಹೆಂಗಸರ ವಸತಿಗೃಹವಿತ್ತು. ಹಗಲು ಮಲಗುವವರಿಗೆಂದು ಕಿಟಕಿಗಳಿಗೆ ದಪ್ಪ ಪರದೆ ಹಾಕಿದ ಕೋಣೆಗಳು. ಅವು ಸಿಗುತ್ತಿದ್ದದ್ದು ಮೇಲ್ವಿಚಾರಕಿಯರಿಗೆ ಮಾತ್ರ. ಇವಳ ಸಾಲಿನ ಮೇಲ್ವಿಚಾರಕಿ ಕೆಲಸ ಬಿಡುವವರಿದ್ದರು. ಅಲ್ಲಿಯವರೆಗೆ ನಿನ್ನ ಕಡೆಯಿಂದ ಒಂದು ತಪ್ಪೂ ಬರದೆ ಇದ್ದರೆ ಆ ಜಾಗವೂ ನಿನ್ನದು, ಕೋಣೆಯೂ ನಿನ್ನದು ಎಂದು ಸಾಹೇಬರು ಅವಳಿಗೆ ಹೇಳಿದ್ದರು. ಪುಟ್ಟಿ ಈ ಮಾತನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕೋಣೆಯ ಬೀಗದ ಕೈ ಕೈಗೆ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದಳು. ಅವಳ ಸ್ವಭಾವವೇ ಹಾಗೆ. ಆಗದ ಕೆಲಸದ ಬಗ್ಗೆ ಬಾಯಿ ಬಿಡುವವಳಲ್ಲ.

ಮನೆ ಅಪ್ಪನದು. ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಮುಂದಿನ ಭಾಗದಲ್ಲಿ ಅಣ್ಣ, ಅತ್ತಿಗೆ. ಹಿಂದೆ ತಗಡಿನ ಮಾಡಿನ ಒಂದು ಕೋಣೆ, ಅದಕ್ಕಂಟಿದ ಬಚ್ಚಲು, ಅದು ಪುಟ್ಟಿಯದು. ಅಪ್ಪ ಹಾಸಿಗೆ ಹಿಡಿದಾಗ ಅವರನ್ನು ಎತ್ತಿ ಕೂರಿಸಿ, ತೊಳೆದು ಒರೆಸಿ ಮಾಡಿದವಳು ಅವಳು. ಅದಕ್ಕೇ ಅಪ್ಪ ಕಣ್ಣು ಮುಚ್ಚುವ ಮೊದಲು ನೆರೆಹೊರೆಯವರ ಎದುರಿಗೇ ಹೇಳಿದ್ದರು, ಹಿಂದಿನ ಕೋಣೆ ಅವಳಿರುವವರೆಗೆ ಅವಳದು. ಅವಳಾಗಿ ಬಿಟ್ಟು ಹೋದರೆ ಮಾತ್ರ ಅಣ್ಣನದು ಎಂದು. ಅಣ್ಣ ಎಲ್ಲರೆದುರು ತಲೆಯಾಡಿಸಿದ್ದ. ಗೋದಾಮಿನ ಕೆಲಸದಿಂದ ನಿವೃತ್ತನಾಗಿ ದಿನವಿಡೀ ಮನೆಯಲ್ಲಿ ಕೂತ ಮೇಲೆ ಅವನಿಗೆ ಆ ಗೋಡೆ ಕಣ್ಣು ಚುಚ್ಚತೊಡಗಿತು. ಆದರೆ ಹೋಗು ಎನ್ನುವಂತಿಲ್ಲ. ಅವನಿಗೆ ಬೇಕಾಗಿದ್ದದ್ದು ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಫ್ಯಾನುಗಳನ್ನು ತಂದವನೂ ಅವನೇ. ಅಂಗಡಿಯವನು ಜೋಡಿಯಾಗಿ ಮಾರುತ್ತಿದ್ದ ರಿಮೋಟಿನ ಫ್ಯಾನುಗಳು. ಒಂದನ್ನು ತನ್ನ ಕೋಣೆಗೆ ಹಾಕಿಸಿ, ಇನ್ನೊಂದನ್ನು ತಂಗಿಗೆ ಹಾಕಿಸಿಕೊಟ್ಟ. ಬಂದವರಿಗೆಲ್ಲ ಅದನ್ನು ಹೇಳಿದ್ದೂ ಆಯಿತು. ಸ್ವಂತ ಅಣ್ಣ ಅಂದರೆ ಹೀಗಿರಬೇಕು ಎಂದು ಬಂದವರು ಹೊಗಳಿದ್ದೂ ಆಯಿತು.

ಮೊದಲು ಕೆಟ್ಟದ್ದು ಅಣ್ಣನ ರಿಮೋಟು. ಸೆಲ್ಲು ತೆಗೆದು ಅಂಗಿಯ ಅಂಚಿಗೆ ಉಜ್ಜಿ ಹಾಕಿದ, ಹಲ್ಲಿನಲ್ಲಿ ಕಚ್ಚಿ ಹಾಕಿದ, ಹೊಸದು ತಂದು ಹಾಕಿದ. ಸ್ಪ್ರಿಂಗಿಗೆ ಹಿಡಿದಿದ್ದ ತುಕ್ಕನ್ನು ಕೆರೆದ. ಫ್ಯಾನು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅಂಗಡಿಯವನಿಗೆ ಫೋನು ಮಾಡಿದಾಗ ಅವನು ಉಪಾಯ ಹೇಳಿದ. ಫ್ಯಾನಿನ ಸ್ವಿಚ್ ಆರಿಸಿ ಮತ್ತೆ ಹಾಕಿ, ಕೂಡಲೇ ರಿಮೋಟಿನ ಗುಂಡಿಯನ್ನು ಒತ್ತಿ ಹಿಡಿಯಬೇಕು. ಫ್ಯಾನು ಕೀಂಯ್ ಎಂದರೆ ಆ ರಿಮೋಟನ್ನು ಅದು ಗುರುತು ಹಿಡಿಯಿತು ಎಂದರ್ಥ. ಅಣ್ಣನ ಫ್ಯಾನಿನ ಸ್ವಿಚ್ಚು ಬೀರುವಿನ ಹಿಂದೆ ಸಿಕ್ಕಿಕೊಂಡಿತ್ತು. ಬೀರು ಸರಿಸುವ ತಾಪತ್ರಯ ಯಾರಿಗೆ ಬೇಕೆಂದು ಅವನು ಜಗಲಿಗೆ ಹೋಗಿ ಇಡೀ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿ ಏರಿಸಿದ. ಓಡಿಬಂದು ಗುಂಡಿ ಒತ್ತಿದ. ಅವನ ಫ್ಯಾನು ಕೀಂಯ್ ಎಂದಿತು. ಗೋಡೆಯ ಮೇಲ್ಗಡೆಯ ಗವಾಕ್ಷಿಯಿಂದ ಇನ್ನೊಂದು ಕೀಂಯ್ ಕೇಳಿಸಿತು.

ಎರಡು ಮನೆಗೂ ಇದ್ದದ್ದು ಒಂದೇ ಮೀಟರು, ಒಂದೇ ಮೇನ್. ಎರಡೂ ಫ್ಯಾನಿಗೆ ಕರೆಂಟು ಒಟ್ಟಿಗೆ ಹೋಗಿ ಒಟ್ಟಿಗೆ ಬಂದಿತ್ತು. ಎರಡೂ ಅಣ್ಣನ ರಿಮೋಟನ್ನೇ ಯಜಮಾನನೆಂದು ಒಪ್ಪಿಕೊಂಡಿದ್ದವು. ಈ ರಿಮೋಟಿಗೆ ಗೋಡೆ ಅಡ್ಡಿಯಲ್ಲ. ಅಣ್ಣ ಒತ್ತಿದ, ಎರಡೂ ನಿಂತವು. ಮತ್ತೆ ಒತ್ತಿದ, ಎರಡೂ ತಿರುಗಿದವು. ಮೂರನೆಯ ಸಲ ನಿಲ್ಲಿಸಿ, ಕಿವಿಗೊಟ್ಟು ಸುಮ್ಮನೆ ಕೂತ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಮಂಚ ಕಿರುಗುಟ್ಟಿತು. ತಂಗಿ ಎದ್ದು ಕೂತಿದ್ದಳು. ಇದನ್ನೆಲ್ಲ ಎಲ್ಲ ಮುಗಿದ ಮೇಲೆ ಬೀದಿಯ ನಲ್ಲಿಯ ಹತ್ತಿರ ಹೇಳಿದವಳು ಅತ್ತಿಗೆಯೇ, ತಮಾಷೆಯೆಂಬಂತೆ, ಕೊಡ ತುಂಬುವ ತನಕ.

ಸಂಜೆ ಪುಟ್ಟಿ ತನ್ನ ರಿಮೋಟು ಹಿಡಿದುಕೊಂಡು ಮುಂದಿನ ಮನೆಗೆ ಬಂದಳು.

"ಅಣ್ಣಾ, ಇದು ಯಾಕೋ ಕೆಲಸಾನೇ ಮಾಡ್ತಿಲ್ಲ. ಫ್ಯಾನು ತಾನಾಗೇ ನಿಂತುಹೋಗುತ್ತೆ."

ಅಣ್ಣ ಕನ್ನಡಕ ಹಾಕಿಕೊಂಡು ರಿಮೋಟನ್ನು ತಿರುಗಿಸಿ ತಿರುಗಿಸಿ ನೋಡಿದ. ಸೆಲ್ಲು ಬದಲಾಯಿಸು ಎಂದ. ಬದಲಾಯಿಸಿದಳು. ಒಂದು ದಿನ ಸೆಲ್ಲು ತೆಗೆದು ಹಾಗೇ ಇಡು, ಅದಕ್ಕೂ ವಿಶ್ರಾಂತಿ ಬೇಕು ಎಂದ. ಇಟ್ಟಳು. ಕೈ ಬೆವರಿದರೆ ಗುಂಡಿ ಹಿಡಿಯುವುದಿಲ್ಲ, ಒರೆಸಿಕೊಂಡು ಒತ್ತು ಎಂದ. ಹಾಗೂ ಮಾಡಿದಳು. ಗೋಡೆಯ ಸ್ವಿಚ್ ಆರಿಸಿ ಹಾಕಿದರೆ ಫ್ಯಾನೇನೋ ತಿರುಗುತ್ತಿತ್ತು. ಅವಳು ಮಲಗಿ, ಕಣ್ಣಿಗೆ ಕಣ್ಣು ಹತ್ತುವಷ್ಟರಲ್ಲಿ ನಿಲ್ಲುತ್ತಿತ್ತು. ತಗಡಿನ ಕೆಳಗಿನ ಕೋಣೆ ಕಾದ ಬಾಣಲೆ. ಮತ್ತೆ ಏಳಬೇಕು, ಮತ್ತೆ ಸ್ವಿಚ್ ಒತ್ತಬೇಕು.

ಒಂದು ಮಧ್ಯಾಹ್ನ ಅಣ್ಣನೇ ಅವಳ ಬಾಗಿಲಿಗೆ ಬಂದು ನಿಂತ. ಬಲಗೈ ಜೇಬಿನಲ್ಲಿತ್ತು. ಫ್ಯಾನಿನ ಒಳಗಿನ ಕಣ್ಣು ಮಂದವಾಗಿದೆಯೋ ಏನೋ, ಹತ್ತಿರದಿಂದ ಒತ್ತಿ ನೋಡು ಎಂದ. ಪುಟ್ಟಿ ಮಂಚ ಹತ್ತಿ, ತುದಿಗಾಲಲ್ಲಿ ನಿಂತು, ನಿಂತ ರೆಕ್ಕೆಯ ಕೆಳಗೆ ರಿಮೋಟು ಹಿಡಿದಳು.

"ಇನ್ನೂ ಮೇಲೆ."

ಎತ್ತಿದಳು. ರಾತ್ರಿಯೆಲ್ಲ ನಿಂತು ದುಡಿದ ಮೈ.

"ಅಷ್ಟಲ್ಲಮ್ಮ, ಇನ್ನೂ ಸ್ವಲ್ಪ. ಹೂಂ, ಈಗ ಒತ್ತು."

ಅವಳು ಒತ್ತಿದಳು, ಅವನು ಜೇಬಿನೊಳಗೆ ಒತ್ತಿದ. ಫ್ಯಾನು ತಿರುಗಿತು. ಅವಳ ಮುಖ ಅರಳಿದ್ದನ್ನು ನೋಡಿ ಅವನೂ ನಕ್ಕ. ನೋಡಿದೆಯಾ, ಯಾವುದಕ್ಕೂ ತಾಳ್ಮೆ ಬೇಕು ಎಂದು ಹೇಳಿ ಹೊರಟ. ಅಂದಿನಿಂದ ಅವಳು ಪ್ರತಿ ಸಲವೂ ಮಂಚ ಹತ್ತಿ, ಕೈ ಎತ್ತಿ ಒತ್ತತೊಡಗಿದಳು. ಒಮ್ಮೆ ತಿರುಗುತ್ತಿತ್ತು, ಮೂರು ಸಲ ತಿರುಗುತ್ತಿರಲಿಲ್ಲ. ಗೋಡೆಯ ಈಚೆ ಅಣ್ಣ ಅವಳ ಮಂಚದ ಸದ್ದಿಗೆ ಕಾದು, ಎಷ್ಟು ಸಲ ಹತ್ತುತ್ತಾಳೆ ಎಂದು ಹೆಂಡತಿಗೆ ಬೆರಳು ಮಡಚಿ ತೋರಿಸುತ್ತಿದ್ದ.

ಅವಳಿಗೆ ಗಾಳಿ ನಿಲ್ಲಿಸಿದರೆ ಇವರಿಗೂ ನಿಲ್ಲುತ್ತಿತ್ತು. ಮೂಗು ಕೊಯ್ದುಕೊಂಡು ನೆರೆಮನೆಗೆ ಅಪಶಕುನ ಮಾಡಿದ ಹಾಗೆ, ಗಂಡಹೆಂಡತಿ ಇಬ್ಬರೂ ಉರಿಯುವ ಮಧ್ಯಾಹ್ನದಲ್ಲಿ ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಂಡು ಕೂರುತ್ತಿದ್ದರು. ಅತ್ತಿಗೆಯ ಕತ್ತಿನ ತುಂಬ ಬೆವರುಗುಳ್ಳೆ ಎದ್ದಿದ್ದವು. ಎಷ್ಟು ದಿನ ಹೀಗೆ ಎಂದು ಅವಳು ಗೊಣಗಿದರೆ, ಇನ್ನು ಸ್ವಲ್ಪ ದಿನ, ಅವಳಾಗಿ ಗಂಟುಮೂಟೆ ಕಟ್ಟುತ್ತಾಳೆ ನೋಡು ಎನ್ನುತ್ತಿದ್ದ. ಹಿಂದಿನ ಕೋಣೆಯಲ್ಲಿ ಅಡುಗೆಮನೆ ಮಾಡಿಸಿಕೊಡುವುದಾಗಿ ಹೆಂಡತಿಗೆ ಮಾತು ಕೊಟ್ಟಿದ್ದ. ಆ ಆಸೆಗೆ ಅವಳು ಬೆಂದಳು.

ಪುಟ್ಟಿ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿದಳು. ಅವನು ಸ್ಟೂಲು ಹತ್ತಿ ಏನೇನೋ ನೋಡಿ, ಇಳಿದು, ಗೋಡೆಯ ಸ್ವಿಚ್ಚು ಆರಿಸಿ ಹಾಕಿ, ರಿಮೋಟಿನಲ್ಲಿ ಏನೋ ಒತ್ತಿ, ಸರಿಯಾಯಿತು ಅಕ್ಕಾ ಎಂದು ಹೋದ. ಆ ದಿನ ಅವಳು ಎಚ್ಚರವಿಲ್ಲದಂತೆ ಮಲಗಿದಳು. ಸಂಜೆ ಅವಳು ಪಾಳಿಗೆ ಹೋದ ಮೇಲೆ ಅಣ್ಣ ಮೇನ್ ಸ್ವಿಚ್ ಇಳಿಸಿ ಏರಿಸಿ, ಎರಡೂ ಫ್ಯಾನನ್ನು ಮತ್ತೆ ತನ್ನ ಕೈಗೆ ತಂದುಕೊಂಡ. ಎರಡನೆಯ ಸಲ ಬಂದ ಎಲೆಕ್ಟ್ರಿಷಿಯನ್ ನಿಮ್ಮ ರಿಮೋಟೇ ಹಾಳು ಎಂದ. ಮೂರನೆಯ ಸಲ ಕರೆದರೆ ಬರಲಿಲ್ಲ. ಪಕ್ಕದವರ ಹತ್ತಿರ ಮೇಜಿನ ಫ್ಯಾನು ಕೇಳಿ ತಂದಳು. ಹಳೇ ವೈರು, ಅಷ್ಟೊಂದು ತಡೆಯುವುದಿಲ್ಲ, ಮನೆಗೆ ಬೆಂಕಿ ಹಚ್ಚುತ್ತೀಯಾ ಎಂದು ಅಣ್ಣ ಅದನ್ನು ತಾನೇ ಹೊತ್ತುಕೊಂಡು ಹೋಗಿ ವಾಪಸು ಕೊಟ್ಟ. ತಂಗಿಗೆ ನಿದ್ದೆಗೆಟ್ಟು ಬುದ್ಧಿ ಮಂಕಾಗಿದೆ ಎಂದು ಅಲ್ಲಿ ಹೇಳಿಯೂ ಬಂದ.

ಬುದ್ಧಿ ಮಂಕಾಗಿದ್ದು ನಿಜವೇ. ಪುಟ್ಟಿ ಬಸ್ಸಿನಲ್ಲಿ ನಿಂತೇ ತೂಕಡಿಸುತ್ತಿದ್ದಳು. ಕಾರ್ಖಾನೆಯಲ್ಲಿ ತಣ್ಣೀರಿನ ಬಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡು, ಬಾಟಲಿಗಳ ಸಾಲು ಬಿಡುವಾದಾಗ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಮೇಲ್ವಿಚಾರಕಿ ಕೆಲಸ ಬಿಡುವ ದಿನ ಹತ್ತಿರ ಬಂದಿತ್ತು. ಅಲ್ಲಿಯವರೆಗೆ ಹೇಗಾದರೂ ತಳ್ಳಿದರೆ ಸಾಕು ಎಂದು ತನ್ನ ತೊಡೆಯನ್ನು ತಾನೇ ಚಿವುಟಿಕೊಳ್ಳುತ್ತಿದ್ದಳು.

ಒಂದು ರಾತ್ರಿ ಅವಳ ಕಣ್ಣೆದುರೇ ದೊಡ್ಡವರ ಜ್ವರದ ಔಷಧಿಯ ಒಂದು ಸಾಲು ಬಾಟಲಿ ಮಕ್ಕಳ ಲೇಬಲ್ ಹೊತ್ತು ದಾಟಿಹೋಯಿತು. ಕಣ್ಣು ತೆರೆದೇ ಇತ್ತು. ಮುಂದಿನ ಮೇಜಿನವಳು ಹಿಡಿದು ಕೂಗಿದ್ದರಿಂದ ಅದು ಹೊರಗೆ ಹೋಗಲಿಲ್ಲ. ಸಾಹೇಬರು ಬಂದರು. ನಿದ್ದೆಯಿಲ್ಲ ಸಾರ್, ಮನೆಯಲ್ಲಿ ಫ್ಯಾನಿನ ರಿಮೋಟು ಕೆಟ್ಟಿದೆ ಎಂದಳು. ನಿಜವನ್ನು ಹೇಳಿದ್ದಳು. ಹೇಳುವಾಗಲೇ ಅದು ಎಷ್ಟು ಸಣ್ಣ ಮಾತೆಂದು ಅವಳಿಗೇ ಕೇಳಿಸಿತು. ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು.

"ನಿನ್ನ ಫ್ಯಾನಿಗೆ ಯಾರದೋ ಮಗುವಿನ ಜೀವ ಹೋಗ್ತಿತ್ತಲ್ಲಮ್ಮ," ಎಂದರು ಸಾಹೇಬರು. ನಾಳೆಯಿಂದ ಬರಬೇಡ ಎಂದರು.

ಭೂತಗನ್ನಡಿಗೆ ಪೊರೆ ಬಂತು ಎಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬಳು ಹೇಳಿದ್ದು ಅವಳಿಗೆ ಕೇಳಿಸಲಿ ಎಂದೇ ಹೇಳಿದ್ದು.

ಅಂದು ಮಧ್ಯಾಹ್ನ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಫ್ಯಾನು ನಿಂತಿತ್ತು. ಮಂಚ ಹತ್ತುವುದಕ್ಕೂ ಹೋಗಲಿಲ್ಲ, ಸ್ವಿಚ್ ಒತ್ತುವುದಕ್ಕೂ ಹೋಗಲಿಲ್ಲ. ಕೆಲಸ ಹೋದ ಸುದ್ದಿಯನ್ನು ಬೆಳಿಗ್ಗೆಯೇ ಅತ್ತಿಗೆಗೆ ಹೇಳಿದ್ದಳು. ಈಗ ಗವಾಕ್ಷಿಯಿಂದ ಅತ್ತಿಗೆಯ ದನಿ ಇಳಿದು ಬಂತು.

"ರೀ, ಇನ್ನಾದ್ರೂ ಫ್ಯಾನು ಹಾಕ್ರೀ. ಅವಳ ಕೆಲಸಾನೂ ಹೋಯ್ತು. ಇನ್ನು ಅವಳನ್ನ ಬೇಯಿಸಿ ಏನಾಗ್ಬೇಕು?"

ತಲೆಯ ಮೇಲೆ ಫ್ಯಾನು ತಿರುಗತೊಡಗಿತು.

ಪುಟ್ಟಿ ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ಮಲಗಿದ್ದಳು. ಆಮೇಲೆ ಎದ್ದು, ಸೆರಗು ಸರಿಮಾಡಿಕೊಂಡು, ಸುತ್ತು ಬಳಸಿ ಮುಂದಿನ ಮನೆಗೆ ಬಂದಳು. ಅಣ್ಣ ಕುರ್ಚಿಯಲ್ಲಿದ್ದ. ರಿಮೋಟು ತೊಡೆಯ ಮೇಲಿತ್ತು. ಅವಳು ಅದನ್ನು ತೆಗೆದುಕೊಂಡು ಒತ್ತಿದಳು. ಅವನ ಫ್ಯಾನು ನಿಧಾನವಾಗಿ ನಿಂತಿತು. ಗೋಡೆಯಾಚೆಯ ಸದ್ದೂ ನಿಂತಿತು. ಮತ್ತೆ ಒತ್ತಿ, ಎರಡೂ ತಿರುಗಿದ ಮೇಲೆ, ರಿಮೋಟನ್ನು ಇದ್ದಲ್ಲೇ ಇಟ್ಟಳು.

"ಹೋಗು ಅಂದಿದ್ರೆ ಹೋಗ್ತಿದ್ದೆ ಅಣ್ಣಾ."

"ಒಡಹುಟ್ಟಿದವಳಿಗೆ ಹೋಗು ಅನ್ನೋನಲ್ಲ ನಾನು," ಎಂದ ಅಣ್ಣ. ಅದನ್ನು ಅವನು ನಂಬಿಯೇ ಹೇಳಿದ.

ಪುಟ್ಟಿ ಆಗ ಕೋಣೆಯ ವಿಷಯ ಹೇಳಿದಳು. ಮೇಲ್ವಿಚಾರಕಿಯ ಜಾಗ, ವಸತಿಗೃಹ, ದಪ್ಪ ಪರದೆ. ಈ ತಿಂಗಳ ಕೊನೆಗೆ ತಾನೇ ಗಂಟು ಕಟ್ಟುವವಳಿದ್ದಳು. ದನಿ ಏರಿಸದೆ, ಬಾಟಲಿ ಎಣಿಸಿದ ಹಾಗೆ ಒಂದೊಂದೇ ಹೇಳಿದಳು. ಅತ್ತಿಗೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕತ್ತಿನ ಬೆವರುಗುಳ್ಳೆ ಕೆರೆದುಕೊಳ್ಳುತ್ತಾ ನಗುವುದಕ್ಕೆ ಶುರುಮಾಡಿದಳು.

"ಹಾಗಾದ್ರೆ ನಾವಿಷ್ಟು ದಿನ ಬೆವರು ಸುರಿಸಿದ್ದೆಲ್ಲ ದಂಡಾನಾ?"

ಅಣ್ಣ ನಗಲಿಲ್ಲ. ಅವನು ಮುಂದಕ್ಕೆ ಬಾಗಿ, ಕಾಳಜಿಯಿಂದಲೇ ಕೇಳಿದ. "ಈಗ್ಲೂ ಕೊಡ್ತಾರೇನೋ. ಹೋಗಿ ಕಾಲು ಹಿಡಿದು ಕೇಳು. ಬೇಕಿದ್ರೆ ನಾನೂ ಬರ್ತೀನಿ."

"ಇಲ್ಲ ಅಣ್ಣಾ. ಇನ್ನು ಯಾರೂ ಏನೂ ಕೊಡಲ್ಲ. ಈ ಕಣ್ಣಿಟ್ಕೊಂಡು ನಾನು ಎಲ್ಲಿಗೂ ಹೋಗೋ ಹಾಗಿಲ್ಲ." ಅವಳು ಹೊಸ್ತಿಲಲ್ಲಿ ನಿಂತಳು. "ನಾಳೆಯಿಂದ ಊಟಕ್ಕೆ ಎಷ್ಟು ಗಂಟೆಗೆ ಬರ್ಲಿ?"

ಅಣ್ಣ ಹೆಂಡತಿಯ ಮುಖ ನೋಡಿದ. ಬೀದಿಯ ಕಡೆ ತೆರೆದಿದ್ದ ಬಾಗಿಲನ್ನೂ ನೋಡಿದ. ಅತ್ತಿಗೆಯ ನಗು ಅಷ್ಟು ಹೊತ್ತಿಗೆ ನಿಂತಿತ್ತು.

"ಒಂದು ಗಂಟೆಗೆ," ಎಂದಳು ಅತ್ತಿಗೆ. "ತಟ್ಟೆ ನೀನೇ ತೊಳ್ಕೋಬೇಕು."